ಗಾರ್ಡ್ ಹುಡುಗ ಕಾಲೇಜಲ್ಲಿ ಎಷ್ಟು ವರ್ಷ ಇರಬೇಕು?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದೇ ವರ್ಷ ಆಡಿ ಎನ್‌ಬಿಎ ಡ್ರಾಫ್ಟ್‌ಗೆ (ವೃತ್ತಿಪರ ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸೋದು) ಹೋಗೋದು ವಾಸಿಯೋ, ಮೂರು ವರ್ಷ ನಿಲ್ಲೋದೋ ಅಂತ ಕೇಳಿದ್ದೀರಿ. ಮೂವರು ಗಾರ್ಡ್‌ಗಳನ್ನು (ಚೆಂಡು ಒಯ್ಯುವ, ದೂರದಿಂದ ಎಸೆಯುವ ಆಟಗಾರರು) ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲು ದುಡ್ಡು. ಕೈರಿ ಅರ್ವಿಂಗ್ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಇದ್ದ ಒಂದೇ ವರ್ಷದಲ್ಲಿ ಆಡಿದ್ದು ಬರೀ 11 ಪಂದ್ಯ. ಬಲಗಾಲಿನ ಹೆಬ್ಬೆರಳಿಗೆ ಪೆಟ್ಟಾಗಿತ್ತು. ಆದರೂ 2011ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ. ವಿಲನೋವಾ ವಿಶ್ವವಿದ್ಯಾಲಯದ ಜೇಲನ್ ಬ್ರನ್ಸನ್ ಮೂರು ವರ್ಷದಲ್ಲಿ ಎರಡು ರಾಷ್ಟ್ರೀಯ ಪ್ರಶಸ್ತಿ (2016, 2018) ಗೆದ್ದೂ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ, 33ನೆಯವನಾಗಿ ಆಯ್ಕೆಯಾದ. ಎರಡನೇ ಸುತ್ತಿನವರಿಗೆ ಮೊದಲ ಸುತ್ತಿನವರಂತೆ ಖಾತರಿ ಒಪ್ಪಂದ ಇರೋದಿಲ್ಲ. ಆದರೆ 2021ರಿಂದ ಕಾಲೇಜು ಆಟಗಾರರೂ ಜಾಹೀರಾತಿನಂಥವುಗಳಲ್ಲಿ ತಮ್ಮ ಹೆಸರು ಬಳಸಿ ಸಂಪಾದಿಸಬಹುದು. ಈಗ ಕಾದರೆ ಅಷ್ಟೇನೂ ನಷ್ಟವಿಲ್ಲ.

ಆಟ ಪಳಗೋ ವಿಷಯಕ್ಕೆ ಸ್ಟೆಫನ್ ಕರಿಯನ್ನೇ ನೋಡಿ. 2008ರಲ್ಲಿ ಪುಟ್ಟ ಡೇವಿಡ್‌ಸನ್ ಕಾಲೇಜು ಕಾನ್ಸಸ್ ಎದುರು 59-57ರಿಂದ ಹಿಂದಿತ್ತು. ಕೊನೆಯ ಕ್ಷಣ, ಇಬ್ಬರು ಕರಿಯನ್ನು ಅಡ್ಡಗಟ್ಟಿದರು. ಚೆಂಡನ್ನು ಜೊತೆಗಾರ ಜೇಸನ್ ರಿಚರ್ಡ್ಸ್‌ಗೆ ದಾಟಿಸಿದ, ಆ ಎಸೆತ ಗುರಿ ತಪ್ಪಿತು. ಮರುವರ್ಷ ರಿಚರ್ಡ್ಸ್ ಇರಲಿಲ್ಲ, ಪಾಯಿಂಟ್ ಗಾರ್ಡ್ (ಚೆಂಡು ಒಯ್ದು ಆಟ ನಡೆಸುವವ) ಹೊಣೆ ಕರಿಯ ಹೆಗಲಿಗೆ ಬಂತು. ಚೆಂಡು ಒಯ್ಯುತ್ತಲೇ ಪಂದ್ಯಕ್ಕೆ ಸರಾಸರಿ 28.6 ಅಂಕ! 2009ರಲ್ಲಿ 7ನೇ ಆಯ್ಕೆ. ನನ್ನ ಕಣ್ಣಿಗೆ ಆ ಮೂರನೇ ವರ್ಷವೇ ದೊಡ್ಡ ಲಾಭ.

ಓದು? ಬ್ರನ್ಸನ್ ಮೂರೇ ವರ್ಷಕ್ಕೆ ಪದವಿ ಮುಗಿಸಿದ. ಕರಿ ಮುಗಿಸಿದ್ದು 2022ರಲ್ಲಿ.

ಮೊದಲ ಐದರೊಳಗೆ ಹೆಸರು ಬರೋದು ಖಚಿತವಿದ್ದರೆ ಹೊರಡಲಿ, ಗಾಯ ಯಾರನ್ನೂ ಕೇಳಿ ಬರೋದಿಲ್ಲ. ಮೈಕಟ್ಟು ಸಣ್ಣದಿದ್ದು, ಚೆಂಡು ಕೈಗೆ ಸಿಗುವ ತಂಡದಲ್ಲಿದ್ದರೆ ಇನ್ನೊಂದು ವರ್ಷ ನಿಲ್ಲಲಿ.