ಅಮ್ಮನ ಕ್ಯಾಸೆಟ್, ತೊಟ್ಟಿಲ ಸರಪಳಿ: ಒಂದು ಡಿಜಿಟಲೀಕರಣ ಸೇವೆಯ ಬಗ್ಗೆ

1987ರಲ್ಲಿ ನನ್ನ ಮಗನ ತೊಟ್ಟಿಲು ಶಾಸ್ತ್ರದ ದಿನ ಅಮ್ಮ ಹಾಡಿದ ‘ಜಗದೋದ್ಧಾರನ ಆಡಿಸಿದಳೆಶೋದೆ’ ದೇವರನಾಮ 60 ನಿಮಿಷದ ಒಂದು ಕ್ಯಾಸೆಟ್‌ನಲ್ಲಿ ಉಳಿದಿತ್ತು. ಅದನ್ನು ಡಿಜಿಟಲ್ ಕಡತವಾಗಿಸಲು ಬೆಂಗಳೂರಿನ ಒಂದು ಚಿಕ್ಕ ಅಂಗಡಿಗೆ ಕೊಟ್ಟಿದ್ದೆ. ಟೇಪನ್ನು ಅದರ ಧ್ವನಿ ಓದುವ ಹೆಡ್‌ಗೆ ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ತುಂಡು ಉದುರಿಹೋಗಿರುವುದನ್ನು ಅವರು ನನ್ನೆದುರೇ ತೋರಿಸಿದರು. ಟೇಪಿನ ಸುರುಳಿಯನ್ನು ಸ್ಕ್ರೂ ಇರುವ ಬೇರೊಂದು ಕವಚಕ್ಕೆ ವರ್ಗಾಯಿಸಿ, ಹತ್ತು ದಿನಗಳಲ್ಲಿ ಕೆಲಸ ಮುಗಿಸಿ, 600 ರೂಪಾಯಿ ತೆಗೆದುಕೊಂಡರು. ಈ ಜಾಗರೂಕತೆಗೆ ಅದು ಹೆಚ್ಚಲ್ಲ.

ಆದರೆ ಮೊದಲು ಕೊಟ್ಟ ಕಡತವನ್ನು ಕೇಳಿದಾಗ ನನಗೆ ಬೇಸರವಾಯಿತು. ಟೇಪಿನ ಸುಯ್ಯೆನ್ನುವ ಸದ್ದನ್ನು ತೆಗೆಯುವ ಭರದಲ್ಲಿ ತೊಟ್ಟಿಲ ಸರಪಳಿಯ ಕಿರುಗುಟ್ಟುವಿಕೆಯನ್ನೂ ಅಮ್ಮನ ಬಳೆಗಳ ಸದ್ದನ್ನೂ ಅಳಿಸಿಬಿಟ್ಟಿದ್ದರು. ಧ್ವನಿ ನಿರ್ಮಲವಾಗಿತ್ತು, ಮನೆ ಮಾತ್ರ ಇರಲಿಲ್ಲ. ಶುದ್ಧಗೊಳಿಸುವ ಮುನ್ನ ಒಂದು ಮಾತು ಕೇಳಬೇಕಿತ್ತು.

ಆ ಸದ್ದುಗಳು ನನಗೇಕೆ ಬೇಕಿದ್ದವು ಎಂಬುದನ್ನು ಹೇಳಲೇಬೇಕು. ಶಾಲೆಯ ದಿನಗಳಲ್ಲಿ ಸ್ಪರ್ಧೆಗೆಂದು ಈ ಪುರಂದರದಾಸರ ಕೃತಿಯನ್ನು ಕಾಪಿ ರಾಗ, ಆದಿತಾಳದಲ್ಲಿ ಕಲಿತಾಗ ನನ್ನ ಗಮನವೆಲ್ಲ ಸಂಗತಿಗಳು, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ಸ್ವರವಿನ್ಯಾಸಗಳು, ತಪ್ಪದಿರುವುದರ ಮೇಲಿತ್ತು. ಮದುವೆಯಾಗಿ ಐದು ವರ್ಷ ಮಕ್ಕಳಾಗದಿದ್ದಾಗ ಚನ್ನಪಟ್ಟಣದ ಬಳಿಯ ದೊಡ್ಡಮಳೂರಿಗೆ ಹೋಗಿ, ದಾಸರು ಈ ಹಾಡನ್ನು ಹಾಡಿದರೆಂಬ ಪ್ರತೀತಿಯಿರುವ ಅಂಬೆಗಾಲು ಕೃಷ್ಣನ ಮುಂದೆ, ಹರಕೆಗೆ ಒಪ್ಪಿಸಿದ ತೊಟ್ಟಿಲುಗಳನ್ನು ನೋಡುತ್ತ ನಿಂತಾಗ ಅದೇ ಹಾಡು ಬೇಡಿಕೆಯಾಯಿತು. ಅಲ್ಲಿನ ಮೂಲದೇವರ ಹೆಸರೂ ಅಪ್ರಮೇಯ, ‘ಅಣೋರಣೀಯನ ಮಹತೋ ಮಹೀಯನ ಅಪ್ರಮೇಯನ’ ಎಂಬ ಚರಣದಲ್ಲಿರುವುದೂ ಅದೇ ಪದ. ಮಗ ಹುಟ್ಟಿದ ಮೇಲೆ ನಾನು ಹಾಡಿನಲ್ಲಿ ಕೇಳಿದ್ದು ಮಗುವನ್ನು ಮಾತ್ರ.

ಈಗ ಅಮ್ಮನಿಲ್ಲ, ಮಗ ದೂರದೇಶದಲ್ಲಿದ್ದಾನೆ. ದಾಸರು ‘ಆಡಿಸುವಳು’ ಎನ್ನಲಿಲ್ಲ, ‘ಆಡಿಸಿದಳು’ ಎಂದರು ಎಂಬುದು ಇಷ್ಟು ವರ್ಷ ಹಾಡಿದರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಆಡಿಸಿ ಮುಗಿದ ಮೇಲಿನ ಯಶೋದೆಯೇ ಈಗ ನನಗೆ ಕೇಳಿಸುವುದು. ಆ ಕ್ರಿಯಾಪದಕ್ಕೆ ಜೊತೆಯಾಗಿ ಸರಪಳಿ ಕಿರುಗುಟ್ಟಬೇಕು.

ನಾನು ವಿವರಿಸಿದಾಗ ಅಂಗಡಿಯವರು ವಾದಿಸಲಿಲ್ಲ. ಮೂಲ ಪ್ರತಿಯನ್ನು ಕಾಯ್ದಿಟ್ಟಿದ್ದರಿಂದ ಮರುದಿನವೇ, ಹೆಚ್ಚಿನ ಹಣ ಪಡೆಯದೆ, ಏನನ್ನೂ ತೆಗೆಯದ ಕಡತವನ್ನು ಕೊಟ್ಟರು. ಪಲ್ಲವಿಯ ಎರಡನೇ ಆವರ್ತದಲ್ಲಿ ಅಮ್ಮ ಉಸಿರು ತೆಗೆದುಕೊಳ್ಳುವಲ್ಲಿ ಬಳೆಗಳು ಸರಪಳಿಗೆ ತಾಕುವುದು ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಇಂಥ ಕ್ಯಾಸೆಟ್ ಕೊಡುವವರು ಶುದ್ಧಗೊಳಿಸದ ಪ್ರತಿಯೂ ಬೇಕೆಂದು ರಸೀದಿಯ ಮೇಲೆ ಮೊದಲೇ ಬರೆಸಿಕೊಳ್ಳಿ. ಬರುವ ವಾರ ಎರಡನೆಯದನ್ನು ಅಲ್ಲಿಗೇ ಒಯ್ಯುತ್ತಿದ್ದೇನೆ. ಅದರ ಹೊದಿಕೆಯ ಮೇಲೆ ಅಮ್ಮನ ಅಕ್ಷರದಲ್ಲಿ ‘ಗೌರಿ ಹಬ್ಬ’ ಎಂದಷ್ಟೇ ಇದೆ.