ಕಾರಿಲ್ಲದವರಿಗೂ ದಕ್ಕುವ ಅಮೆರಿಕದ ಊರು: ಶಿಕಾಗೊ ಮತ್ತು ಅದರ ‘ಎಲ್’ ರೈಲು

ಅಮೆರಿಕದಲ್ಲಿ ನೋಡೋಕೆ, ಇರೋಕೆ ಯಾವ ಊರು ಒಳ್ಳೇದು ಅಂತ ಯಾರೇ ಕೇಳಿದರೂ ನನ್ನ ಉತ್ತರ ಶಿಕಾಗೊ. ಎತ್ತರದ ಕಟ್ಟಡಗಳಿವೆ, ದೊಡ್ಡ ಸರೋವರ ಇದೆ, ಊಟ ತಿಂಡಿಗೂ ಕೊರತೆ ಇಲ್ಲ. ಆದರೆ ನಾನು ಈ ಊರನ್ನು ಮೆಚ್ಚಿಕೊಂಡಿರುವುದು ಮುಖ್ಯವಾಗಿ ಇಲ್ಲಿನ ಸಿಟಿ ರೈಲಿಗಾಗಿ. ಎಲ್ಲರೂ ಅದನ್ನು ‘ಎಲ್’ ಅಂತಾರೆ, ಎಲಿವೇಟೆಡ್ (ಕಂಬಗಳ ಮೇಲೆ ಎತ್ತರದಲ್ಲಿ ಓಡುವುದು) ಅನ್ನೋದರ ಚಿಕ್ಕ ರೂಪ.

ನಾನು ಊರುಗಳನ್ನು ಅಳೆಯುವುದು ಒಂದೇ ಲೆಕ್ಕದಲ್ಲಿ. ಭಾರತದಿಂದ ಬಂದ ಅಪ್ಪ ಅಮ್ಮ, ಡ್ರೈವಿಂಗ್ ಬರದವರು, ಇಂಗ್ಲಿಷ್ ಅಷ್ಟಕ್ಕಷ್ಟೆ ಇರುವವರು, ಯಾರನ್ನೂ ಕಾಯದೆ ಬೆಳಿಗ್ಗೆ ಮನೆಯಿಂದ ಹೊರಟು, ಊರು ಸುತ್ತಿ, ಸಂಜೆ ತಾವೇ ವಾಪಸ್ ಬರಬಹುದಾ? ಅಮೆರಿಕದ ಬಹಳಷ್ಟು ಊರುಗಳಲ್ಲಿ ಇದಕ್ಕೆ ಉತ್ತರ ಇಲ್ಲ ಅಂತಲೇ. ಶಿಕಾಗೊದ ಸುತ್ತಮುತ್ತಲೂ ಅಷ್ಟೆ. ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆ ನಮ್ಮವರು ತುಂಬಾ ಜನ ಇದ್ದಾರೆ. ಮನೆ ದೊಡ್ಡದು, ಸ್ಕೂಲು ಚೆನ್ನಾಗಿದೆ, ಹಿತ್ತಲಲ್ಲಿ ಹುಲ್ಲುಹಾಸು. ಆದರೆ ಹಾಲು ತರೋಕೂ ಕಾರು ತೆಗೆಯಬೇಕು. ಆರು ತಿಂಗಳಿಗೆ ಅಂತ ಬಂದ ಹಿರಿಯರು ಕಿಟಕಿ ಪಕ್ಕ ಕೂತು ವಾರವೆಲ್ಲ ಕಳೆಯುತ್ತಾರೆ. ಶನಿವಾರ ಮಗನಿಗೋ ಮಗಳಿಗೋ ಬಿಡುವಾದರೆ ತಿರುಗಾಟ ಉಂಟು, ಇಲ್ಲದಿದ್ದರೆ ಇಲ್ಲ. ಊರಲ್ಲಿ ದಿನಾ ಮಾರ್ಕೆಟ್ಟಿಗೆ, ದೇವಸ್ಥಾನಕ್ಕೆ, ನಾಲ್ಕು ಮನೆಗೆ ಹೋಗಿ ಬರುತ್ತಿದ್ದವರಿಗೆ ಇದು ಶಿಕ್ಷೆ ಅಲ್ವಾ? ನನಗೆ ಇದು ಸಣ್ಣ ವಿಷಯ ಅಂತ ಯಾವತ್ತೂ ಅನ್ನಿಸಿಲ್ಲ.

ಅದಕ್ಕೇ ನಾವು ಮನೆ ಮಾಡಿದ್ದು ಊರೊಳಗೆ, ಎಲ್‌ನ ಬ್ರೌನ್ ಲೈನ್ ಅನ್ನುವ ಮಾರ್ಗದ ಪಕ್ಕ.

ಮೊದಲು ರೈಲಿನ ಬಗ್ಗೆ ಹೇಳಿಬಿಡುತ್ತೇನೆ. ಶಿಕಾಗೊದಲ್ಲಿ ಎಲ್ ಶುರುವಾಗಿದ್ದು 1892ರಲ್ಲಿ, ಆಗ ಉಗಿ ಎಂಜಿನ್. ಪೇಟೆಯ ಮಧ್ಯೆ ಕಬ್ಬಿಣದ ಕಂಬಗಳ ಮೇಲೆ ಸುತ್ತು ಹಾಕುವ ಹಳಿ 1897ರಲ್ಲಿ ಪೂರ್ತಿಯಾಯಿತು. ಅದೇ ಲೂಪ್. ಊರಿನ ಪೇಟೆ ಭಾಗಕ್ಕೂ ಜನ ಲೂಪ್ ಅಂತಲೇ ಕರೆಯುತ್ತಾರೆ. ಈಗ ಎಂಟು ಲೈನುಗಳಿವೆ, ಎಲ್ಲಕ್ಕೂ ಬಣ್ಣದ ಹೆಸರು: ರೆಡ್, ಬ್ಲೂ, ಬ್ರೌನ್, ಗ್ರೀನ್, ಆರೆಂಜ್, ಪಿಂಕ್, ಪರ್ಪಲ್, ಯೆಲ್ಲೋ. ಇಂಗ್ಲಿಷ್ ಓದೋಕೆ ಬರದಿದ್ದರೂ ಬಣ್ಣ ನೋಡಿ ಹತ್ತಬಹುದು. ರೆಡ್ ಮತ್ತು ಬ್ಲೂ ರಾತ್ರಿಯಿಡೀ ಓಡುತ್ತವೆ. ಅಮೆರಿಕದಲ್ಲಿ ಇಂಥ ಸೌಕರ್ಯ ಇರುವ ಊರುಗಳು ಬೆರಳೆಣಿಕೆಯಷ್ಟು. ಎರಡು ವಿಮಾನ ನಿಲ್ದಾಣಗಳಿಗೂ ರೈಲಿದೆ. ಓಹೇರ್‌ನಿಂದ ಬ್ಲೂ ಲೈನ್ ಹತ್ತಿದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಪೇಟೆ. ಮಿಡ್‌ವೇಯಿಂದ ಆರೆಂಜ್ ಲೈನಿನಲ್ಲಿ ಅರ್ಧ ಗಂಟೆಯೂ ಬೇಡ.

ಟಿಕೆಟ್ಟಿಗೆ ವೆಂಟ್ರಾ ಅಂತ ಕಾರ್ಡು. ಮಾಮೂಲಿ ಸ್ಟೇಶನ್ನಿನಲ್ಲಿ ಹತ್ತಿದರೆ ಮೂರು ಡಾಲರಿನೊಳಗೆ ಮುಗಿಯುತ್ತದೆ, ಓಹೇರ್‌ನಲ್ಲಿ ಹತ್ತಿದರೆ ಮಾತ್ರ ಜಾಸ್ತಿ. ಎಷ್ಟು ದೂರ ಹೋದರೂ ಅದೇ ಚಾರ್ಜು. ಎರಡು ಗಂಟೆಯೊಳಗೆ ಇನ್ನೊಂದು ಬಸ್ಸೋ ರೈಲೋ ಬದಲಾಯಿಸಿದರೆ ಮತ್ತೆ ಪೂರ್ತಿ ದುಡ್ಡು ಕೊಡಬೇಕಿಲ್ಲ. ಕಾರ್ಡಿಗೆ ದುಡ್ಡು ತುಂಬಿಸಿಟ್ಟರೆ ಒಂದೇ ಕಾರ್ಡಿನಲ್ಲಿ ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಬಿಡಬಹುದು. ಪಾಸ್ ಹಾಕಿಸಿದರೆ ಹಾಗಾಗಲ್ಲ, ಒಬ್ಬರಿಗೆ ಒಂದು.

ಬ್ರೌನ್ ಲೈನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಶಿಕಾಗೊದಲ್ಲಿ ಅರ್ಧ ದಿನ ಮಾತ್ರ ಇದೆ ಅಂದವರಿಗೆ ನಾನು ಹೇಳುವುದು ಇದೊಂದನ್ನೇ. ಇದು ಶುರುವಾಗುವುದು ವಾಯವ್ಯದ ಕಿಂಬಲ್ ಸ್ಟೇಶನ್ನಿನಲ್ಲಿ. ಮೊದಲ ಕೆಲವು ಸ್ಟೇಶನ್ನು ರೈಲು ನೆಲದ ಮೇಲೇ ಹೋಗುತ್ತದೆ. ರಾಕ್‌ವೆಲ್ ಹತ್ತಿರ ಗೇಟು ಬೀಳುತ್ತದೆ, ಗಂಟೆ ಹೊಡೆಯುತ್ತದೆ, ಸೈಕಲ್ಲಿನವರು, ನಾಯಿ ಹಿಡಿದವರು, ಮಗುವಿನ ಗಾಡಿ ತಳ್ಳುವವರು ನಿಂತು ಕಾಯುತ್ತಾರೆ, ಥೇಟ್ ನಮ್ಮ ಕಡೆಯ ಸಣ್ಣ ಊರಿನ ರೈಲ್ವೆ ಗೇಟಿನ ಹಾಗೆ. ವೆಸ್ಟರ್ನ್ ಸ್ಟೇಶನ್ ಬರುವಷ್ಟರಲ್ಲಿ ರೈಲು ಮೇಲಕ್ಕೇರಿ ಎರಡನೇ ಮಹಡಿಯ ಎತ್ತರದಲ್ಲಿ ಓಡೋಕೆ ಶುರು ಮಾಡುತ್ತದೆ. ಅಲ್ಲಿಂದ ಕಾಣುವುದು ಮನೆಗಳ ಹಿಂಬದಿ. ಶಿಕಾಗೊದ ಹಳೇ ಇಟ್ಟಿಗೆ ಮನೆಗಳಿಗೆ ಹಿಂದೆ ಮರದ ಮೆಟ್ಟಿಲು, ಮರದ ಜಗಲಿ ಇರುತ್ತದೆ. ಅಲ್ಲಿ ಟೊಮೇಟೊ ಕುಂಡ, ಒಣಗೋಕೆ ಹಾಕಿದ ಚಾಪೆ, ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿರುವ ಒಬ್ಬರು. ಒಂದು ಊರಿನ ಜನ ನಿಜವಾಗಿ ಹೇಗೆ ಬದುಕುತ್ತಾರೆ ಅನ್ನೋದು ಟೂರಿಸ್ಟ್ ಬಸ್ಸಿನಿಂದ ಕಾಣಲ್ಲ, ಇಲ್ಲಿಂದ ಕಾಣುತ್ತದೆ.

ಸೆಜ್‌ವಿಕ್ ದಾಟಿದ ಮೇಲೆ ಪೇಟೆಯ ಕಟ್ಟಡಗಳು ಹತ್ತಿರವಾಗುತ್ತಾ ಬರುತ್ತವೆ. ಮರ್ಚಂಡೈಸ್ ಮಾರ್ಟ್ ಅಂತ 1930ರ ದೈತ್ಯ ಕಟ್ಟಡ, ಅದರ ಪಕ್ಕದಲ್ಲೇ ಸ್ಟೇಶನ್ನು. ಅದಾದ ತಕ್ಷಣ ರೈಲು ನದಿ ದಾಟುತ್ತದೆ. ವೆಲ್ಸ್ ಸ್ಟ್ರೀಟ್ ಸೇತುವೆಗೆ ಎರಡು ಅಂತಸ್ತು, ಕೆಳಗೆ ಕಾರು, ಮೇಲೆ ನಮ್ಮ ರೈಲು. ಎಡಗಡೆ ಕಿಟಕಿ ಹಿಡಿದುಕೊಳ್ಳಿ. ನದಿಯುದ್ದಕ್ಕೂ ಒಂದಾದ ಮೇಲೊಂದು ಸೇತುವೆ, ಎರಡೂ ದಡದಲ್ಲಿ ಗೋಡೆ ಕಟ್ಟಿದ ಹಾಗೆ ಕಟ್ಟಡಗಳು, ಮಧ್ಯೆ ಹಸಿರು ನೀರಿನಲ್ಲಿ ದೋಣಿಗಳು. ಕೆಲವೇ ಸೆಕೆಂಡಿನ ನೋಟ. ಎಷ್ಟು ಸಲ ಹೋದರೂ ಫೋನಿನಿಂದ ತಲೆ ಎತ್ತಿ ನೋಡುತ್ತೇನೆ. ಈ ನದಿ ಮೊದಲು ಸರೋವರಕ್ಕೆ ಹರಿಯುತ್ತಿತ್ತು. ಊರಿನ ಕೊಳಚೆ ಕುಡಿಯುವ ನೀರಿಗೆ ಸೇರುತ್ತಿದ್ದುದರಿಂದ ಕಾಲುವೆ ತೋಡಿ 1900ರಲ್ಲಿ ಹರಿವನ್ನೇ ಉಲ್ಟಾ ಮಾಡಿದರು. ಆಮೇಲೆ ರೈಲು ಲೂಪನ್ನು ಒಂದು ಸುತ್ತು ಹಾಕಿ, ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಇಳಿಯದೆ ಸುಮ್ನೆ ಕೂತಿದ್ದರೂ ಒಂದು ಸುತ್ತು ಆಯಿತು. ಇದಕ್ಕಿಂತ ಅಗ್ಗದ ಸಿಟಿ ಟೂರ್ ನಾನಂತೂ ನೋಡಿಲ್ಲ.

ಮಂಡಿ ನೋವಿನವರಿಗೆ ಒಂದು ಮಾತು. ಎಲ್‌ನ ಎಲ್ಲ ಸ್ಟೇಶನ್ನುಗಳಲ್ಲೂ ಲಿಫ್ಟ್ ಇಲ್ಲ. ಹಳೇ ಸ್ಟೇಶನ್ನುಗಳಲ್ಲಿ ಮೆಟ್ಟಿಲೇ ಗತಿ. ಬ್ರೌನ್ ಲೈನನ್ನು 2009ರ ಹೊತ್ತಿಗೆ ಪೂರ್ತಿ ರಿಪೇರಿ ಮಾಡಿದ್ದರಿಂದ, ಪೇಟೆಯ ಲೂಪ್ ಬಿಟ್ಟು ಉಳಿದ ಕಡೆ ಲಿಫ್ಟೋ ಇಳಿಜಾರೋ ಇದೆ. ಹೋಗುವ ಮುಂಚೆ ಮ್ಯಾಪಿನಲ್ಲಿ ಗಾಲಿಕುರ್ಚಿ ಗುರುತು ನೋಡಿಕೊಳ್ಳಿ.

ಇನ್ನು ಈ ಊರಿನ ವಿಳಾಸದ ಲೆಕ್ಕ. ಇದನ್ನು ಕಲಿತರೆ ದಾರಿ ತಪ್ಪೋದು ಕಷ್ಟ. ಪೇಟೆಯಲ್ಲಿ ಸ್ಟೇಟ್ ರಸ್ತೆ ಮತ್ತು ಮ್ಯಾಡಿಸನ್ ರಸ್ತೆ ಸೇರುವ ಜಾಗ ಸೊನ್ನೆ. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ಮನೆ, ಅಂಗಡಿಗಳ ನಂಬರು ಏರುತ್ತಾ ಹೋಗುತ್ತದೆ, ಹೆಚ್ಚುಕಮ್ಮಿ 800 ನಂಬರಿಗೆ ಒಂದು ಮೈಲಿ. ಬೆಲ್ಮಾಂಟ್ ರಸ್ತೆ ಉತ್ತರಕ್ಕೆ 3200, ಅಂದರೆ ನಾಲ್ಕು ಮೈಲಿ. ಸ್ಟೇಶನ್ನಿನ ಬೋರ್ಡಿನಲ್ಲೂ ಈ ಸಂಖ್ಯೆ ಬರೆದಿರುತ್ತದೆ. ಅಮ್ಮ ಒಬ್ಬಳೇ ನಮ್ಮ ದೇಶದ ಅಂಗಡಿಗಳಿರುವ ಡೆವಾನ್‌ಗೆ ಹೋಗೋಕೆ ಧೈರ್ಯ ಮಾಡಿದ್ದು ಈ ಲೆಕ್ಕದ ಮೇಲೆ. ವೆಸ್ಟರ್ನ್ ಸ್ಟೇಶನ್ನಿನ ಎದುರಿಗೇ 49ಬಿ ಬಸ್ಸು. ಡೆವಾನ್ ರಸ್ತೆ 6400. ಅವಳು ಚೀಟಿಯಲ್ಲಿ ಕನ್ನಡದಲ್ಲಿ ‘49ಬಿ, 6400’ ಅಂತ ಬರೆದುಕೊಂಡು, ಕಿಟಕಿ ಪಕ್ಕ ಕೂತು ಅಂಗಡಿ ಬಾಗಿಲಿನ ಮೇಲಿನ ನಂಬರು 4700ರಿಂದ ಏರುವುದನ್ನೇ ನೋಡಿಕೊಂಡು ಹೋಗಿ, ಸರಿಯಾದ ಜಾಗದಲ್ಲಿ ಇಳಿದು, ತೊಂಡೆಕಾಯಿ, ಕರಿಬೇವು, ಹೀರೆಕಾಯಿ ಕೊಂಡು ವಾಪಸ್ ಬಂದಳು. ಯಾರನ್ನೂ ದಾರಿ ಕೇಳಲಿಲ್ಲವಂತೆ. ಅವತ್ತು ರಾತ್ರಿ ಊರಿಗೆ ಫೋನ್ ಮಾಡಿ ಚಿಕ್ಕಮ್ಮನಿಗೆ ಇದನ್ನೇ ಹೇಳುತ್ತಿದ್ದಳು. ಅಮ್ಮನ ದನಿಯಲ್ಲಿ ಅಂಥ ಖುಷಿ ಕೇಳಿ ಬಹಳ ದಿನ ಆಗಿತ್ತು.

ಡೆವಾನ್ ಅಂದರೆ ಶಿಕಾಗೊದ ದೇಸಿ ಬೀದಿ. ಇವತ್ತು ಅಮೆರಿಕದಲ್ಲೆಲ್ಲ ಇರುವ ಪಟೇಲ್ ಬ್ರದರ್ಸ್ ಮೊದಲ ಅಂಗಡಿ ತೆರೆದಿದ್ದು ಇಲ್ಲೇ, 1974ರಲ್ಲಿ. ಈ ರಸ್ತೆಯ ಒಂದು ಭಾಗಕ್ಕೆ ಗಾಂಧಿ ಮಾರ್ಗ ಅಂತ ಬೋರ್ಡು, ಇನ್ನೊಂದು ಭಾಗಕ್ಕೆ ಜಿನ್ನಾ ಹೆಸರು. ಸೋನಾ ಮಸೂರಿ ಮೂಟೆಯಿಂದ ಮದುವೆ ಸೀರೆ ತನಕ ಸಿಗುತ್ತದೆ. ಪೇಟೆ ಕಡೆಯಿಂದ ಬರುವವರು ರೆಡ್ ಲೈನಿನ ಲೊಯೋಲಾದಲ್ಲಿ ಇಳಿದು 155ನೇ ನಂಬರ್ ಬಸ್ ಹತ್ತಿ.

ಪೇಟೆಯಲ್ಲಿ ಏನು ನೋಡಬೇಕು ಅಂತ ಕೇಳಿದರೆ, ಕನ್ನಡದವರಿಗೆ ನಾನು ಮೊದಲು ಹೇಳುವುದು ಇಲ್ಲಿಯ ಚಿತ್ರಕಲೆಯ ಮ್ಯೂಸಿಯಮ್, ಆರ್ಟ್ ಇನ್‌ಸ್ಟಿಟ್ಯೂಟ್. ಆಡಮ್ಸ್-ವಬಾಷ್ ಸ್ಟೇಶನ್ನಿನಲ್ಲಿ ಇಳಿದು ಪೂರ್ವಕ್ಕೆ ಒಂದು ಬ್ಲಾಕ್ ನಡೆದರೆ ಎದುರಿಗೆ ಎರಡು ಕಂಚಿನ ಸಿಂಹ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಎದುರಿನ ಮಿಶಿಗನ್ ಅವೆನ್ಯೂದಲ್ಲಿ ಅವರ ಹೆಸರಿನ ರಸ್ತೆ ಬೋರ್ಡೂ ಇದೆ. ಅಪ್ಪ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು, ಆಮೇಲೆ ಚಿತ್ರಗಳ ಮುಂದೆ ಅಷ್ಟು ಹೊತ್ತು ನಿಲ್ಲುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಅಲ್ಲಿಂದ ನಡೆದರೆ ಮಿಲೇನಿಯಮ್ ಪಾರ್ಕ್, ಅನೀಶ್ ಕಪೂರ್ ಮಾಡಿದ ಹೊಳೆಯುವ ಸ್ಟೀಲಿನ ಶಿಲ್ಪ, ಕಾಳಿನ ಆಕಾರ ಇರುವುದರಿಂದ ಜನ ಅದನ್ನು ಬೀನ್ ಅಂತಾರೆ. ಎದುರಿಗೇ ಕಲ್ಚರಲ್ ಸೆಂಟರ್, 1897ರಲ್ಲಿ ಲೈಬ್ರರಿ ಅಂತ ಕಟ್ಟಿದ್ದು. ಒಳಗೆ ಬಣ್ಣದ ಗಾಜಿನ ದೊಡ್ಡ ಗುಮ್ಮಟ. ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಬೀನ್ ಮುಂದೆ ಸೆಲ್ಫಿ ತೆಗೆದುಕೊಂಡು ಇದನ್ನು ನೋಡದೆ ಹೋಗುವವರೇ ಜಾಸ್ತಿ, ದಯವಿಟ್ಟು ಹಾಗೆ ಮಾಡಬೇಡಿ.

ವಿಲ್ಲಿಸ್ ಟವರಿಗೆ ಕ್ವಿನ್ಸಿ ಸ್ಟೇಶನ್ ಹತ್ತಿರ. ಸ್ಟೇಶನ್ನನ್ನು 1897ರಲ್ಲಿ ಹೇಗಿತ್ತೋ ಹಾಗೇ ಕಾಣುವಂತೆ ಮರದ ಕೆಲಸದ ಸಮೇತ ಉಳಿಸಿಕೊಂಡಿದ್ದಾರೆ. ಟವರಿಗೆ 110 ಮಹಡಿ, ಸುಮಾರು 25 ವರ್ಷ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. ಒಂಬತ್ತು ಚೌಕದ ಕೊಳವೆಗಳನ್ನು ಒಟ್ಟಿಗೆ ಸೇರಿಸಿ ನಿಲ್ಲಿಸಿದ ರಚನೆ. ಅದರ ಹಿಂದಿರುವ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್, ಢಾಕಾದಲ್ಲಿ ಹುಟ್ಟಿದವರು. ಸಿವಿಲ್ ಓದುತ್ತಿರುವ ಮಕ್ಕಳಿದ್ದರೆ ಇದನ್ನು ಹೇಳಿಯೇ ಕರೆದುಕೊಂಡು ಹೋಗಿ.

ಸರೋವರದ ದಡ ಸುಮಾರು 18 ಮೈಲಿ ಉದ್ದಕ್ಕೂ ನಡೆಯೋಕೆ, ಸೈಕಲ್ ಹೊಡೆಯೋಕೆ ದಾರಿ ಇದೆ. ದಡದ ಹೆಚ್ಚಿನ ಭಾಗ ಸಾರ್ವಜನಿಕರದ್ದು. ನಡೆಯೋಕೆ ದುಡ್ಡಿಲ್ಲ, ಗೇಟಿಲ್ಲ. ಲಿಂಕನ್ ಪಾರ್ಕ್ ಮೃಗಾಲಯವೂ ಉಚಿತ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ದಪ್ಪ ಡೀಪ್ ಡಿಶ್ ಪಿಜ್ಜಾ ಒಂದು ಸಲ ತಿನ್ನಿ, ಬೇಯೋಕೇ ಮುಕ್ಕಾಲು ಗಂಟೆ ಬೇಕು, ಒಂದು ತುಂಡಿಗೇ ಹೊಟ್ಟೆ ತುಂಬುತ್ತದೆ. ನನಗೆ ಇಷ್ಟ ಇಲ್ಲಿಯ ತೆಳ್ಳನೆಯ, ಚೌಕ ಚೌಕ ಕತ್ತರಿಸಿ ಕೊಡುವ ಟ್ಯಾವರ್ನ್ ಪಿಜ್ಜಾ. ಅದರ ಮೇಲೆ ಜಾರ್ಡಿನೇರಾ ಹಾಕಿಸಿಕೊಳ್ಳಿ. ಎಣ್ಣೆಯಲ್ಲಿ ನೆನೆಸಿದ ಮೆಣಸಿನಕಾಯಿ, ಹೂಕೋಸು, ಕ್ಯಾರೆಟ್ಟು. ಉಪ್ಪಿನಕಾಯಿ ತಿಂದು ಬೆಳೆದ ನಾಲಿಗೆಗೆ ಹಿಡಿಸಿಯೇ ಹಿಡಿಸುತ್ತದೆ.

ಈಗ ಕೊರತೆಗಳು. ಇವನ್ನು ಮುಚ್ಚಿಟ್ಟು ಹೊಗಳಿದರೆ ನಿಮಗೆ ಉಪಯೋಗ ಇಲ್ಲ. ಎಲ್‌ನ ಬಹುತೇಕ ಲೈನುಗಳು ಪೇಟೆಯ ಕಡೆಗೇ ಹೋಗುತ್ತವೆ. ಉತ್ತರದಿಂದ ಪಶ್ಚಿಮಕ್ಕೆ ರೈಲಿನಲ್ಲೇ ಹೋಗಬೇಕಾದರೆ ಸುಮ್ನೆ ಪೇಟೆಗೆ ಹೋಗಿ ಬರಬೇಕು, ಇಲ್ಲ ಬಸ್ಸೇ ಗತಿ. ಲೂಪಿನ ತಿರುವುಗಳಲ್ಲಿ ಚಕ್ರ ಕಿರ್ರೆನ್ನುತ್ತದೆ. ಹಳಿಗೆ ತೀರಾ ಅಂಟಿಕೊಂಡ ಮನೆ ಬಾಡಿಗೆಗೆ ಹಿಡಿಯುವ ಮುಂಚೆ ಒಂದು ಸಂಜೆ ಅಲ್ಲಿ ನಿಂತು ಕೇಳಿ. 2020ರ ನಂತರ ಬೋಗಿಯೊಳಗೆ ಸಿಗರೇಟು ಸೇದುವವರು ಜಾಸ್ತಿಯಾದರು ಅನ್ನುವ ದೂರು ಊರೆಲ್ಲ ಇತ್ತು. ರಾತ್ರಿ ತಡವಾಗಿ ಹೋಗುವುದಾದರೆ ಚಾಲಕರು ಇರುವ ಮೊದಲ ಬೋಗಿ ಹತ್ತಿ. ಹಿರಿಯರನ್ನು ಕತ್ತಲಾದ ಮೇಲೆ ಒಬ್ಬರೇ ಕಳಿಸಬೇಡಿ.

ಎಲ್ಲಕ್ಕಿಂತ ನನಗೆ ಬೇಜಾರು ಅಂದರೆ ದೇವಸ್ಥಾನಗಳದ್ದು. ಲೆಮಾಂಟ್‌ನ ರಾಮ ದೇವಸ್ಥಾನಕ್ಕಾಗಲಿ ಅರೋರಾದ ಬಾಲಾಜಿ ದೇವಸ್ಥಾನಕ್ಕಾಗಲಿ ಎಲ್ ಹೋಗಲ್ಲ. ಅರೋರಾ ತನಕ ಮೆಟ್ರಾ ಅನ್ನುವ ದೂರದ ರೈಲಿದೆ, ಆದರೆ ಸ್ಟೇಶನ್ನಿನಿಂದ ಮತ್ತೆ ಕಾರು ಬೇಕೇ ಬೇಕು. ಹಬ್ಬದ ದಿನ ಯಾರಾದರೂ ಕರೆದುಕೊಂಡು ಹೋಗಬೇಕು. ಕಾರಿಲ್ಲದ ಬದುಕಿನಲ್ಲಿ ಇದೊಂದು ದೊಡ್ಡ ತೂತು.

ಚಳಿ ಬಗ್ಗೆ ಕೇಳಿರುತ್ತೀರಿ. 2019ರ ಜನವರಿ 30ರಂದು ಇಲ್ಲಿ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ತಲೆ ಮೇಲೆ ಹೀಟರ್ ದೀಪಗಳಿವೆ, ಗುಂಡಿ ಒತ್ತಿದರೆ ಕೆಂಪಗೆ ಹೊತ್ತಿಕೊಳ್ಳುತ್ತವೆ, ಅದರ ಕೆಳಗೆ ಎಲ್ಲರೂ ಒತ್ತೊತ್ತಾಗಿ ನಿಲ್ಲುತ್ತಾರೆ. ಆದರೂ ಡಿಸೆಂಬರಿನಿಂದ ಮಾರ್ಚ್ ತನಕ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬೇಡಿ. ಆ ತಿಂಗಳುಗಳಲ್ಲಿ ಇರಲೇಬೇಕಾಗಿ ಬಂದರೆ ಗ್ರೀನ್ ಲೈನಿನಲ್ಲಿ ಗಾರ್‌ಫೀಲ್ಡ್ ಪಾರ್ಕ್ ಕನ್ಸರ್ವೇಟರಿಗೆ ಹೋಗಿ, ಸ್ಟೇಶನ್ನಿನ ಪಕ್ಕದಲ್ಲೇ ಇದೆ. ಹೊರಗೆ ಹಿಮ, ಒಳಗೆ ಗಾಜಿನ ಮನೆಯಲ್ಲಿ ಬಾಳೆ, ಕಬ್ಬು, ಒದ್ದೆ ಮಣ್ಣಿನ ವಾಸನೆ. ಮೊದಲೇ ಸಮಯ ಬುಕ್ ಮಾಡಬೇಕಾ ಅಂತ ಅವರ ಸೈಟಿನಲ್ಲಿ ನೋಡಿಕೊಳ್ಳಿ.

ಖರ್ಚಿನ ಮಾತು. ಬಾಡಿಗೆ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊಗಿಂತ ಕಡಿಮೆ. ಸೇಲ್ಸ್ ಟ್ಯಾಕ್ಸ್ ಮಾತ್ರ ನೂರಕ್ಕೆ ಹತ್ತಕ್ಕಿಂತ ಜಾಸ್ತಿ, ಮನೆ ಕೊಂಡರೆ ಪ್ರಾಪರ್ಟಿ ಟ್ಯಾಕ್ಸೂ ಜೋರು. ಆದರೆ ಕಾರಿನ ಕಂತು, ಇನ್ಶೂರೆನ್ಸು, ಪೆಟ್ರೋಲು, ಪಾರ್ಕಿಂಗ್ ಎಲ್ಲ ಉಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನೋಡೋಕೆ ಬರುವವರು ಮೇ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ ಬನ್ನಿ, ಸೆಪ್ಟೆಂಬರ್ ಸಿಕ್ಕರೆ ಬಿಡಬೇಡಿ. ಉಳಿಯೋಕೆ ಪೇಟೆಯ ದುಬಾರಿ ಹೋಟೆಲೇ ಆಗಬೇಕಿಲ್ಲ. ಬೆಲ್ಮಾಂಟ್ ಅಥವಾ ಫುಲರ್ಟನ್ ಹತ್ತಿರ ರೂಮು ಸಿಕ್ಕರೆ ರೆಡ್ ಮತ್ತು ಬ್ರೌನ್ ಎರಡೂ ಅಲ್ಲೇ ನಿಲ್ಲುತ್ತವೆ. ಇರೋಕೆ ಬರುವವರು ಬ್ರೌನ್ ಲೈನಿನ ವೆಸ್ಟರ್ನ್, ರಾಕ್‌ವೆಲ್ ಸುತ್ತಮುತ್ತ ಮೊದಲು ನೋಡಿ. ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು ಮಾತ್ರ ತೆಗೆದುಕೊಳ್ಳಬೇಡಿ. ಪೇಟೆಯಲ್ಲಿ ಅದನ್ನು ನಿಲ್ಲಿಸೋಕೆ ಒಂದು ದಿನಕ್ಕೆ ಕೊಡುವ ದುಡ್ಡಿನಲ್ಲಿ ಇಡೀ ಸಂಸಾರ ದಿನವೆಲ್ಲ ರೈಲಿನಲ್ಲಿ ಓಡಾಡಬಹುದು.