ಸುಣ್ಣದ ನೀರಿನಲ್ಲಿ ಒಂದು ರಾತ್ರಿ: ವಾಹಾಕಾದಲ್ಲಿ ಆರು ದಿನಗಳ ಅಡುಗೆ ಶಿಬಿರ

ಶಿಬಿರದ ಮೊದಲ ಸಂಜೆ ನಮಗೆ ಕಲಿಸಿದ್ದು ಒಂದೇ ಕೆಲಸ: ಮೆಕ್ಕೆಜೋಳವನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಬೇಯಿಸಿ, ಒಲೆ ಆರಿಸಿ, ಪಾತ್ರೆಗೆ ಮುಚ್ಚಳ ಹಾಕಿ ಮಲಗಲು ಹೋಗುವುದು. ಇಷ್ಟು ದೂರ ಬಂದು, ಇಷ್ಟು ಹಣ ಕಟ್ಟಿ, ಮೊದಲ ದಿನ ಕೈಯಾರೆ ಮಾಡಿದ ಒಂದು ತುತ್ತನ್ನೂ ತಿನ್ನಲಿಲ್ಲವಲ್ಲ ಎಂದು ಜೊತೆಯಲ್ಲಿದ್ದ ಕೆಲವರಿಗೆ ಬೇಸರವಾಯಿತು. ನನಗೆ ಮಾತ್ರ ಆರನೆಯ ದಿನ ಗಂಟು ಕಟ್ಟುವಾಗಲೂ ಮನಸ್ಸಿನಲ್ಲಿ ಉಳಿದಿದ್ದದ್ದು ಆ ಪಾತ್ರೆಯೇ. ಆ ರಾತ್ರಿ ಕಾಯದೇ ಇದ್ದಿದ್ದರೆ ಮುಂದೆ ಕಲಿತದ್ದು ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ.

ಶಿಬಿರ ನಡೆಯುವುದು ದಕ್ಷಿಣ ಮೆಕ್ಸಿಕೊದ ವಾಹಾಕಾ ನಗರದಿಂದ ಪೂರ್ವಕ್ಕೆ ಚಾಚಿಕೊಂಡಿರುವ ತ್ಲಾಕೊಲುಲಾ ಕಣಿವೆಯ ಒಂದು ಹಳ್ಳಿಯಲ್ಲಿ. ಆರು ದಿನ, ಐದು ರಾತ್ರಿ, ಹತ್ತು ಜನ. ಕಟ್ಟಿದ ಹಣದಲ್ಲಿ ವಸತಿ, ಊಟ, ಸಂತೆಯ ಓಡಾಟ ಮತ್ತು ಇಂಗ್ಲಿಷಿನಲ್ಲಿ ಹೇಳುವ ದುಭಾಷಿ ಸೇರಿದ್ದರು. ವಿಮಾನದ ಖರ್ಚು ನಮ್ಮದೇ. ಕಲಿಸಿದವರು ಅದೇ ಹಳ್ಳಿಯ ಹಿರಿಯ ಹೆಂಗಸು. ಅವರು ತಮ್ಮ ಮನೆಯವರೊಂದಿಗೆ ಸಪೊತೆಕ್ ಭಾಷೆಯಲ್ಲಿ ಮಾತನಾಡುತ್ತಿದ್ದರು, ನಮ್ಮೊಂದಿಗೆ ಸ್ಪ್ಯಾನಿಷ್‌ನಲ್ಲಿ. ಎಲ್ಲರೂ ಅವರನ್ನು ಮಾಯೆಸ್ತ್ರಾ, ಎಂದರೆ ಗುರುಗಳೇ, ಎಂದು ಕರೆಯುತ್ತಿದ್ದರು. ನಾನು ಧಾರವಾಡದಲ್ಲಿ ಹುಟ್ಟಿ ಬೆಳೆದವಳು. ಹನ್ನೆರಡು ವರ್ಷಗಳಿಂದ ಟೆಕ್ಸಾಸ್‌ನಲ್ಲಿದ್ದೇನೆ. ಅಲ್ಲಿ ಮೆಕ್ಸಿಕೊದ ಊಟವೆಂದು ಬೀದಿಬೀದಿಯಲ್ಲಿ ಸಿಗುವ ಹಳದಿ ಚೀಸು ಮತ್ತು ಮೈದಾ ರೊಟ್ಟಿಯ ಆಚೆಗೆ ಏನಿದೆ ಎಂದು ತಿಳಿಯುವ ಆಸೆಯಿಂದ ಹೋದೆ. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮಾನ್ಯತೆ ರುಚಿಗಷ್ಟೇ ಸಂದದ್ದಲ್ಲ, ಬಿತ್ತನೆಯಿಂದ ಊಟದವರೆಗಿನ ಇಡೀ ಕ್ರಮಕ್ಕೆ ಸಂದದ್ದು ಎಂಬುದು ಇಲ್ಲಿ ಕಣ್ಣಿಗೆ ಕಂಡಿತು.

ಮತ್ತೆ ಆ ಪಾತ್ರೆಯ ವಿಷಯಕ್ಕೆ ಬರುತ್ತೇನೆ. ಒಂದು ಕಿಲೋ ಒಣಜೋಳಕ್ಕೆ ಸುಮಾರು 10 ಗ್ರಾಂ ಸುಣ್ಣ. ಇದು ನಮ್ಮ ಅಜ್ಜಿಯರು ವೀಳ್ಯದೆಲೆಗೆ ಸವರುತ್ತಿದ್ದ ಸುಣ್ಣವೇ. ಇಲ್ಲಿ ಅದಕ್ಕೆ ಕಾಲ್ ಎನ್ನುತ್ತಾರೆ. ನೀರು ಕಾದು ಜೋಳ ಬೇಯತೊಡಗಿದಂತೆ ಕಾಳು ಕಡು ಹಳದಿಗೆ ತಿರುಗಿ, ಒಣಮಣ್ಣಿಗೆ ಮೊದಲ ಮಳೆ ಬಿದ್ದಾಗಿನಂಥ ಒಂದು ವಾಸನೆ ಏಳುತ್ತದೆ. ಮಾಯೆಸ್ತ್ರಾ ನಡುನಡುವೆ ಒಂದೊಂದು ಕಾಳನ್ನು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದರು. ಸಿಪ್ಪೆ ಜಾರಿ ಬಂದು, ಕಾಳನ್ನು ಕಚ್ಚಿದರೆ ನಡುವೆ ಇನ್ನೂ ಬಿಳಿಯ ಗಟ್ಟಿ ತಿರುಳು ಉಳಿದಿದ್ದರೆ ಅದೇ ಹದ. ಅಲ್ಲಿಗೆ ಒಲೆ ಆರಿಸಬೇಕು. ಉಳಿದದ್ದನ್ನು ರಾತ್ರಿಯೇ ಮಾಡುತ್ತದೆ. ಬೆಳಗ್ಗೆ ಆ ಹಳದಿ ನೀರನ್ನು ಬಸಿದು, ಕಾಳನ್ನು ತೊಳೆದರೆ ಸಿಗುವುದೇ ನಿಶ್ತಮಾಲ್. ಮೆಕ್ಸಿಕೊದ ಮೂಲನಿವಾಸಿಗಳ ನಾವಾತ್ಲ್ ಭಾಷೆಯ ಬೂದಿ ಮತ್ತು ಹಿಟ್ಟಿನ ಮುದ್ದೆ ಎಂಬ ಎರಡು ಪದಗಳು ಕೂಡಿ ಈ ಹೆಸರಾಗಿದೆ, ಏಕೆಂದರೆ ಸುಣ್ಣದಂತೆಯೇ ಒಲೆಯ ಬೂದಿಯೂ ಈ ಕೆಲಸವನ್ನು ಮಾಡುತ್ತದೆ.

ಇದು ಬರಿಯ ರುಚಿಯ ಮಾತಲ್ಲ. ಮೆಕ್ಕೆಜೋಳದಲ್ಲಿರುವ ಬಿ3 ಜೀವಸತ್ವ, ಎಂದರೆ ನಯಾಸಿನ್, ಹಾಗೆಯೇ ತಿಂದರೆ ನಮ್ಮ ಮೈಗೆ ಹತ್ತದು; ಸುಣ್ಣದ ನೀರಿನಲ್ಲಿ ಬೆಂದಾಗ ಅದು ಬಿಡುಗಡೆಯಾಗುತ್ತದೆ, ಜೊತೆಗೆ ಸುಣ್ಣದ ಕ್ಯಾಲ್ಸಿಯಂ ಕೂಡ ಕಾಳಿಗೆ ಸೇರುತ್ತದೆ. ಯುರೋಪಿನವರು ಜೋಳದ ಬೀಜವನ್ನು ಕೊಂಡೊಯ್ದರೂ ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. ಜೋಳವೊಂದನ್ನೇ ನಂಬಿ ಬದುಕಿದ ಉತ್ತರ ಇಟಲಿಯ ಬಡ ರೈತರಲ್ಲಿ, ಮುಂದೆ 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಲ್ಲಿ, ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗ ಹರಡಲು ಇದೇ ಒಂದು ದೊಡ್ಡ ಕಾರಣ. ದುಭಾಷಿ ಇದನ್ನು ವಿವರಿಸುತ್ತಿದ್ದಾಗ ಮಾಯೆಸ್ತ್ರಾ ತಲೆ ಎತ್ತದೆ ಕಾಳು ತೊಳೆಯುತ್ತಲೇ ಇದ್ದರು. ಈ ವಿದ್ಯೆ ಅವರ ಮನೆತನಕ್ಕೆ ಬಂದದ್ದು ಯಾವ ಪ್ರಯೋಗಾಲಯದಿಂದಲೂ ಅಲ್ಲ. ಇದೇ ಕಣಿವೆಯಲ್ಲಿ, ಮಿತ್ಲಾ ಊರಿನ ಸಮೀಪದ ಗಿಲಾ ನಾಕಿಟ್ಸ್ ಎಂಬ ಗುಹೆಯಲ್ಲಿ 6,000 ವರ್ಷಕ್ಕೂ ಹಳೆಯ ಜೋಳದ ತೆನೆಗಳು ದೊರೆತಿವೆ. ನಾಲ್ಕನೆಯ ದಿನ ಆ ಬೆಟ್ಟಗಳ ಪಕ್ಕದಲ್ಲೇ ನಮ್ಮ ವ್ಯಾನು ಹಾದುಹೋಯಿತು.

ಎರಡನೆಯ ದಿನ ಬೆಳಗ್ಗೆ ಬಕೆಟ್ಟು ಹೊತ್ತುಕೊಂಡು ಹಳ್ಳಿಯ ಗಿರಣಿಗೆ ಹೋದೆವು. ಹೆಂಗಸರು ತಮ್ಮ ತಮ್ಮ ನಿಶ್ತಮಾಲ್ ಹಿಡಿದು ಸರದಿಯಲ್ಲಿ ನಿಂತಿದ್ದರು. ಧಾರವಾಡದ ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಇಟ್ಟು ಅವ್ವನ ಜೊತೆ ಕಾಯುತ್ತಿದ್ದ ಬೆಳಗುಗಳು ನೆನಪಾದವು. ವ್ಯತ್ಯಾಸವೆಂದರೆ, ಇಲ್ಲಿ ಹೊರಬರುವುದು ಒಣ ಹಿಟ್ಟಲ್ಲ, ಹಸಿಯಾದ, ಬೆಚ್ಚಗಿನ ಮುದ್ದೆ. ಅದಕ್ಕೆ ಮಾಸಾ ಎನ್ನುತ್ತಾರೆ. ಸ್ವಲ್ಪ ಪಾಲನ್ನು ಗಿರಣಿಗೆ ಕೊಡದೆ ಉಳಿಸಿಕೊಂಡು ಮೆತಾತೆಯ ಮೇಲೆ ನಾವೇ ಅರೆದೆವು. ಮೆತಾತೆ ಮೂರು ಕಾಲಿನ, ಮುಂದಕ್ಕೆ ಇಳಿಜಾರಾದ ಅರೆಯುವ ಕಲ್ಲು. ಅದರ ಮುಂದೆ ಮಂಡಿಯೂರಿ ಕುಳಿತು, ಎರಡೂ ಕೈಯಿಂದ ಗುಂಡನ್ನು ಹಿಡಿದು, ಇಡೀ ಮೈಭಾರವನ್ನು ಬಿಟ್ಟು ತಳ್ಳಬೇಕು. ಹತ್ತು ನಿಮಿಷಕ್ಕೆ ನನ್ನ ಭುಜ ಸೋತಿತು. ಮಾಯೆಸ್ತ್ರಾ ಅದೇ ಮುದ್ದೆಯನ್ನು ಇನ್ನೂ ಎರಡು ಬಾರಿ ಅರೆದು ಬೆಣ್ಣೆಯಂತೆ ಮಾಡಿದರು.

ರೊಟ್ಟಿ ಬಡಿದು ಬೆಳೆದ ಉತ್ತರ ಕರ್ನಾಟಕದವರಿಗೆ ತೊರ್ತಿಯಾ, ಎಂದರೆ ಮೆಕ್ಕೆಜೋಳದ ತೆಳು ರೊಟ್ಟಿಯ, ಪಾಠ ವಿಶೇಷವಾಗಿ ಹಿಡಿಸುತ್ತದೆ. ನಮ್ಮ ಬಿಳಿಜೋಳದಲ್ಲಾಗಲಿ ಈ ಮೆಕ್ಕೆಜೋಳದಲ್ಲಾಗಲಿ ಗೋಧಿಯ ಜಿಗುಟು ಇಲ್ಲ. ಅದಕ್ಕಾಗಿ ನಾವು ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುತ್ತೇವೆ. ಇವರು ಕಾಳನ್ನೇ ಸುಣ್ಣದಲ್ಲಿ ಬೇಯಿಸಿ ಆ ಅಂಟನ್ನು ಪಡೆಯುತ್ತಾರೆ. ನನ್ನ ಮೊದಲ ತೊರ್ತಿಯಾದ ಅಂಚು ಸುತ್ತಲೂ ಬಿರಿಯಿತು. ಮಾಯೆಸ್ತ್ರಾ ಏನೂ ಹೇಳದೆ ನನ್ನ ಮುದ್ದೆಗೆ ಒಂದು ಚಿಮುಕು ನೀರು ಹಾಕಿ, ನನ್ನ ಹೆಬ್ಬೆರಳನ್ನು ಹಿಡಿದು ಅದರೊಳಗೆ ಒತ್ತಿಸಿ, ಅಂಚು ಬಿರಿಯದಿರುವುದನ್ನು ತೋರಿಸಿದರು. ಆಮೇಲೆ ಹಂಚಿನ ಮೇಲೆ ಮೂರು ಮಗ್ಗುಲು: ಮೊದಲನೆಯದು ಕೆಲವೇ ಕ್ಷಣ, ಎರಡನೆಯದು ಸ್ವಲ್ಪ ಹೆಚ್ಚು ಹೊತ್ತು, ಮೂರನೆಯದಕ್ಕೆ ತಿರುವಿದಾಗ ಅದು ಉಬ್ಬಬೇಕು. ಹಂಚು ಮಣ್ಣಿನದು, ಹಿಟ್ಟು ಅಂಟದಿರಲೆಂದು ಅದಕ್ಕೂ ಸುಣ್ಣದ ನೀರನ್ನು ಬಳಿದಿರುತ್ತಾರೆ. ನನ್ನ ಎಂಟನೆಯ ತೊರ್ತಿಯಾ ಉಬ್ಬಿತು. ಅದನ್ನು ಬಿಸಿಬಿಸಿಯಾಗಿ, ಉಪ್ಪೊಂದನ್ನೇ ಹಚ್ಚಿಕೊಂಡು ತಿಂದೆ.

ಮೂರನೆಯ ದಿನ ಪೂರ್ತಿ ಮೋಲೆಗೆ ಮೀಸಲು. ಮೋಲೆ ಎಂದರೆ ಅರೆದ ಮಸಾಲೆಯ ಮಂದ ಸಾರು ಎನ್ನಬಹುದು. ವಾಹಾಕಾಕ್ಕೆ ಏಳು ಮೋಲೆಗಳ ನಾಡು ಎಂಬ ಹೆಸರಿದೆ. ನಾವು ಮಾಡಿದ್ದು ಕಪ್ಪು ಮೋಲೆ, ಎಲ್ಲಕ್ಕಿಂತ ತ್ರಾಸದ್ದು. ಇದಕ್ಕೆ ಬೇಕಾದ ಮುಖ್ಯ ಮೆಣಸಿನಕಾಯಿ ಚಿಲ್ವಾಕ್ಲೆ. ಕ್ವಿಕಾತ್ಲಾನ್ ಸುತ್ತಲಿನ ಸೀಮೆಯಲ್ಲಿ ಬೆಳೆಯುವ ಅದು ಸಿಗುವುದು ಕಡಿಮೆ, ಬೆಲೆ ಬಹಳ. ಖಾರಕ್ಕಿಂತ ಬಣ್ಣ ಮತ್ತು ಪರಿಮಳಕ್ಕಾಗಿ ಮೆಣಸಿನಕಾಯಿಯನ್ನು ಆರಿಸುವ ಈ ಮನಸ್ಸು ಬ್ಯಾಡಗಿ ಮೆಣಸಿನಕಾಯಿ ಬಳಸುವ ನಮಗೆ ಹೊಸದಲ್ಲ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದು ಕಾಳುಮೆಣಸಿನ ಹೆಸರನ್ನೇ ಹೊತ್ತು ಮೆಣಸಿನಕಾಯಿ ಎನಿಸಿಕೊಂಡ ಈ ಕಾಯಿಯ ತವರು ಮೆಕ್ಸಿಕೊವೇ. ತವರುಮನೆಯಲ್ಲಿ ಅದನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ನೋಡುವುದೇ ನನಗೆ ಈ ದಿನದ ದೊಡ್ಡ ಲಾಭವಾಗಿತ್ತು.

ಮೆಣಸಿನಕಾಯಿಯ ತೊಟ್ಟು, ಬೀಜ, ಒಳಗಿನ ನರ ಎಲ್ಲವನ್ನೂ ತೆಗೆದು, ಸಿಪ್ಪೆಯನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿಯುತ್ತಾರೆ. ಬೀಜವನ್ನು ಬಿಸಾಡುವುದಿಲ್ಲ. ಒಂದು ತೊರ್ತಿಯಾದ ಜೊತೆ ಅದನ್ನು ಅಂಗಳದಲ್ಲಿ ಬೆಂಕಿ ಹೊತ್ತಿಸಿ ಇದ್ದಿಲಾಗುವಂತೆ ಸುಡುತ್ತಾರೆ. ಅಂಗಳದಲ್ಲಿ ಏಕೆ ಎಂಬುದು ಮೊದಲ ಹೊಗೆಗೇ ತಿಳಿಯಿತು: ಆ ಘಾಟಿಗೆ ಹತ್ತೂ ಜನ ಸೆರಗಿಗೆ, ಕರವಸ್ತ್ರಕ್ಕೆ ಮುಖ ಮುಚ್ಚಿಕೊಂಡು ಕೆಮ್ಮಿದೆವು. ಸುಟ್ಟ ಬೀಜವನ್ನು ನೀರಿನಲ್ಲಿ ನೆನೆಹಾಕಿ, ಕಹಿ ಇಳಿಯುವವರೆಗೆ ಮತ್ತೆ ಮತ್ತೆ ನೀರು ಬದಲಿಸಬೇಕು. ಕಪ್ಪು ಮೋಲೆಯ ಆಳವಾದ ಬಣ್ಣಕ್ಕೆ ಈ ಇದ್ದಿಲೂ ಕಾರಣ. ಎಳ್ಳು, ಬಾದಾಮಿ, ಶೇಂಗಾ, ಒಣದ್ರಾಕ್ಷಿ, ಬಾಳೆಹಣ್ಣು, ಟೊಮ್ಯಾಟೊ, ಚಕ್ಕೆ, ಲವಂಗ, ಕಾಳುಮೆಣಸು, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಾಮಾನುಗಳನ್ನು ಒಂದೊಂದಾಗಿ ಬೇರೆ ಬೇರೆ ಹುರಿದು ಅರೆದದ್ದಾಯಿತು. ನಮ್ಮ ಚಕ್ಕೆ, ಕಾಳುಮೆಣಸು ಅಲ್ಲಿಗೆ ಹೋಗಿ ಆ ಪಾತ್ರೆಯಲ್ಲಿ ತವರಿನ ಮೆಣಸಿನಕಾಯಿಯ ಜೊತೆ ಸೇರಿದ್ದನ್ನು ಕಂಡಾಗ ಮನಸ್ಸು ತುಂಬಿತು. ಕೊನೆಗೆ ಚಾಕೊಲೇಟು, ಅದೂ ಸ್ವಲ್ಪವೇ. ಚಾಕೊಲೇಟಿನ ಸಾರು ಎಂದು ಇದನ್ನು ವರ್ಣಿಸುವುದು ತಪ್ಪು.

ಇಲ್ಲಿಯೇ ನನ್ನ ಮೊದಲ ತಕರಾರು. ಇಷ್ಟನ್ನು ಒಂದೇ ದಿನಕ್ಕೆ ತುರುಕಬಾರದಿತ್ತು. ಮಧ್ಯಾಹ್ನದ ಹೊತ್ತಿಗೆ ಅವಸರ ಶುರುವಾಗಿ, ಮೆತಾತೆಯ ಮೇಲೆ ಹೆಸರಿಗೆ ನಾಲ್ಕು ಸಲ ಎಳೆದು ಉಳಿದದ್ದನ್ನೆಲ್ಲ ಗಿರಣಿಗೆ ಕಳುಹಿಸಿದರು. ಅರೆದ ಮಸಾಲೆಯನ್ನು ಬಾಣಲೆಯಲ್ಲಿ ಜಿಡ್ಡು ಮೇಲೆ ಬರುವವರೆಗೆ ಕೈಯಾಡಿಸಬೇಕಾದ ಘಟ್ಟವೇ ಮುಖ್ಯ, ಆದರೆ ಅದು ರಾತ್ರಿ ಎಲ್ಲರೂ ದಣಿದ ಮೇಲೆ ಬಂತು. ಕೊನೆಯವರೆಗೂ ಒಲೆಯ ಮುಂದೆ ನಿಂತವರು ನಾವು ಮೂವರು ಮಾತ್ರ.

ಎರಡನೆಯ ತಕರಾರು ಸಸ್ಯಾಹಾರಿಗಳಾದ ಓದುಗರಿಗೆ ಹೆಚ್ಚು ಮುಖ್ಯ. ಈ ಸೀಮೆಯ ಅಡುಗೆಯಲ್ಲಿ ಹಂದಿಯ ಕೊಬ್ಬು ನಮ್ಮ ಒಗ್ಗರಣೆಯ ಎಣ್ಣೆಯಷ್ಟೇ ಸಹಜ: ಬೀನ್ಸಿನಲ್ಲಿ, ಎಲೆಯಲ್ಲಿ ಸುತ್ತಿ ಬೇಯಿಸುವ ತಮಾಲೆಯ ಹಿಟ್ಟಿನಲ್ಲಿ, ತ್ಲಾಯುದಾ ಎಂಬ ದೊಡ್ಡ ತೊರ್ತಿಯಾದ ಮೇಲೆ, ಎಲ್ಲದರಲ್ಲೂ. ನಾನು ಹೆಸರು ನೋಂದಾಯಿಸುವಾಗಲೇ ಈ ಬಗ್ಗೆ ಬರೆದಿದ್ದೆ, ಒಪ್ಪಿಗೆಯ ಉತ್ತರವೂ ಬಂದಿತ್ತು. ಮಾಯೆಸ್ತ್ರಾ ನನಗಾಗಿ ಬೇರೆ ಬಾಣಲೆಯಲ್ಲಿ ಎಣ್ಣೆ ಹಾಕಿಯೇ ಮಸಾಲೆ ಹುರಿದರು. ಆದರೆ ಅದನ್ನು ತೆಳುವಾಗಿಸಲು ಸಹಾಯಕರು ಕೋಳಿಯ ಸಾರನ್ನು ಸುರಿದಿದ್ದರು. ಎರಡು ತುತ್ತು ತಿಂದ ಮೇಲೆ ನನಗೆ ಅದು ತಿಳಿಯಿತು. ಸಂಘಟಕರು ಮನಸಾರೆ ಕ್ಷಮೆ ಕೇಳಿದರು, ಮರುದಿನದಿಂದ ನನ್ನ ಪಾತ್ರೆಗೆ ಕೆಂಪು ದಾರ ಕಟ್ಟಿದರು. ಆ ದಾರವನ್ನು ಮೊದಲ ದಿನವೇ ಕಟ್ಟಬೇಕಿತ್ತು. ಹೋಗುವವರು ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು. ಕೊಬ್ಬು, ಸಾರು ಎರಡನ್ನೂ ಹೆಸರಿಟ್ಟು ಹೇಳಿ.

ಹಾಗೆಂದು ಸಸ್ಯಾಹಾರಿಗೆ ಅಲ್ಲಿ ಹಸಿವೆಯಿಲ್ಲ. ಕುಂಬಳದ ಹೂ, ನೋಪಾಲ್ ಪಾಪಾಸುಕಳ್ಳಿ, ಸೋಂಪಿನ ಪರಿಮಳದ ಓಹಾ ಸಾಂತಾ ಎಲೆ, ಎಳೆ ಎಳೆಯಾಗಿ ಬಿಡುವ ಕೆಸಿಯೊ ಚೀಸು, ಎಪಸೋತೆ ಸೊಪ್ಪು ಹಾಕಿದ ಕಪ್ಪು ಬೀನ್ಸು, ಇವುಗಳ ಊಟ ದಿನವೂ ಇತ್ತು. ನಾಲ್ಕನೆಯ ದಿನ, ಭಾನುವಾರ, ತ್ಲಾಕೊಲುಲಾದ ಸಂತೆಯಲ್ಲಿ ಕುಡಿದ ತೆಹಾತೆಯನ್ನು ನಾನು ಮರೆಯಲಾರೆ. ಜೋಳ, ಹುರಿದ ಕೊಕೊ, ಮಮೇ ಹಣ್ಣಿನ ಬೀಜ ಮತ್ತು ಕೊಕೊ ಹೂ ಎಂದು ಕರೆಯುವ ಒಂದು ಪರಿಮಳದ ಹೂವನ್ನು ಅರೆದು, ಹಿರಿಯ ಹೆಂಗಸೊಬ್ಬರು ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಮೊಳಕೈವರೆಗೆ ಕೈಹಾಕಿ ಕಲಸುತ್ತಾ, ಎತ್ತರದಿಂದ ತಣ್ಣೀರು ಸುರಿದು ಬಿಳಿಯ ನೊರೆ ಎಬ್ಬಿಸುತ್ತಿದ್ದರು. ಕೆಂಪು ಬಣ್ಣ ಬಳಿದ ಬುರುಡೆಯಲ್ಲಿ ತುಂಬಿ ಕೊಟ್ಟರು. ಬಿಸಿಲಿನಲ್ಲಿ ಅದು ಊಟವೂ ಹೌದು, ಪಾನಕವೂ ಹೌದು. ಸಂತೆಗೆ ಕೊಟ್ಟದ್ದು ಎರಡೇ ಗಂಟೆ. ಅರ್ಧ ದಿನ ಬೇಕು.

ಐದನೆಯ ದಿನದ ಚಾಕೊಲೇಟು ಪಾಠ ಚೆನ್ನಾಗಿತ್ತು. ಕೆಳಗೆ ಕೆಂಡ ಇಟ್ಟು ಬೆಚ್ಚಗಾದ ಮೆತಾತೆಯ ಮೇಲೆ ಕೊಕೊ ಬೀಜ ಅರೆದಂತೆ ಅದೇ ಎಣ್ಣೆ ಬಿಟ್ಟು ಕರಗುತ್ತದೆ. ಸಕ್ಕರೆ, ಚಕ್ಕೆ ಸೇರಿಸಿ, ಬಿಸಿನೀರಿನಲ್ಲಿ ಕದಡಿ, ಮೊಲಿನಿಯೊ ಎಂಬ ಮರದ ಕೋಲನ್ನು ಎರಡು ಅಂಗೈಗಳ ನಡುವೆ ಉರುಳಿಸಿ ನೊರೆ ಬರಿಸುತ್ತಾರೆ. ಬೆಣ್ಣೆ ತೆಗೆಯುವ ನಮ್ಮ ಕಡೆಗೋಲನ್ನು ತಿರುಗಿಸಿ ಬಲ್ಲವರಿಗೆ ಕೈ ತಾನೇ ಹೊಂದಿಕೊಳ್ಳುತ್ತದೆ. ಅಂದು ಮಧ್ಯಾಹ್ನ ಕತ್ತಾಳೆಯಿಂದ ಇಳಿಸುವ ಮೆಸ್ಕಾಲ್ ಮದ್ಯದ ಭಟ್ಟಿಯೊಂದಕ್ಕೂ ಕರೆದೊಯ್ದರು. ಅದು ಅಂಗಡಿ ತೋರಿಸುವ ಭೇಟಿಯಾಗಿತ್ತೇ ಹೊರತು ಪಾಠವಾಗಿರಲಿಲ್ಲ, ಕೈಬಿಟ್ಟರೂ ನಷ್ಟವಿಲ್ಲ.

ವಸತಿ ಸರಳ, ಸ್ವಚ್ಛ. ರಾತ್ರಿ ಚಳಿಯಿರುತ್ತದೆ, ಶಾಲು ಬೇಕು. ಹೇಳಿಕೊಡುವ ಕ್ರಮದಲ್ಲಿ ನನಗೆ ಹೆಚ್ಚು ಹಿಡಿಸಿದ್ದು, ಅಳತೆ ಬರೆದ ಕಾಗದಗಳನ್ನು ಕೊನೆಯ ದಿನದವರೆಗೂ ಕೊಡದೇ ಇದ್ದದ್ದು. ಅಲ್ಲಿಯವರೆಗೆ ಬೆರಳು, ಮೂಗು, ಕಿವಿಗಳೇ ಅಳತೆ. ವಾಹಾಕಾ ನಗರದಲ್ಲಿ ಅರ್ಧ ದಿನದ ತರಗತಿಗಳು ಬೇಕಾದಷ್ಟು ಸಿಗುತ್ತವೆ, ಖರ್ಚೂ ಬಹಳ ಕಡಿಮೆ; ಒಂದು ಊಟವನ್ನು ಮಾಡಿ ತಿಂದು ಬರುವ ಆಸೆಯಿದ್ದರೆ ಅವು ಸಾಕು. ಹಿಟ್ಟಿನ ಹದವನ್ನು ಕೈ ಮರೆಯದಂತೆ ಕಲಿಯಬೇಕೆಂದಿರುವವರಿಗೆ ಈ ಶಿಬಿರದ ಬೆಲೆ ಹೆಚ್ಚೆನಿಸದು. ನಾನು ಮನೆಗೆ ಮರಳಿದ ಮೇಲೆ ಪ್ರತಿ ಶನಿವಾರ ರಾತ್ರಿ ಅರ್ಧ ಕಿಲೋ ಜೋಳ ಬೇಯಿಸಿ ಮುಚ್ಚಿಡುತ್ತೇನೆ, ಭಾನುವಾರ ಮಕ್ಕಳು ತಾವೇ ಸಿಪ್ಪೆ ಉಜ್ಜಿ ತೆಗೆಯುತ್ತಾರೆ.

ಸಂಘಟಕರಿಗೆ ಬರೆದ ಪತ್ರದಲ್ಲಿ ಒಂದೇ ಕೋರಿಕೆ ಇಟ್ಟಿದ್ದೇನೆ: ಮೆಸ್ಕಾಲ್ ಭಟ್ಟಿಯ ಮಧ್ಯಾಹ್ನವನ್ನು ತೆಗೆದು ಮೋಲೆಗೆ ಎರಡು ದಿನ ಕೊಡಿ, ಜೋಳಕ್ಕೆ ಕೊಟ್ಟಂತೆ ಆ ಸುಟ್ಟ ಮೆಣಸಿನಕಾಯಿ ಬೀಜಕ್ಕೂ ನೀರಿನಲ್ಲಿ ಒಂದು ರಾತ್ರಿ ಕೊಡಿ.